ತುಕ್ಕು ಎಲ್ಲಿಂದ ತಿಂದಿದೆ ನೋಡಿ, ಆಮೇಲೆ ಸೈಲೆನ್ಸರ್ ಬದಲಿಸಿ

ಕೋಲ್ಕತ್ತದ ಜಾದವ್‌ಪುರದ ಓಣಿಯಲ್ಲಿ ನಿಲ್ಲುವ ಹಳೆಯ ಜಿಪ್ಸಿಯ ಸೈಲೆನ್ಸರ್ ಸಾಮಾನ್ಯವಾಗಿ ಒಳಗಿನಿಂದ ಕೊಳೆಯುತ್ತದೆ. ಸಕಲೇಶಪುರದ ಕಾಫಿ ತೋಟದಲ್ಲಿ ಓಡುವ ಜೀಪಿನದು ಹೊರಗಿನಿಂದ. ತೂತು ಬಿದ್ದ ಮೇಲೆ ಎರಡರ ಗುಡುಗುಡು ಸದ್ದೂ ಒಂದೇ. ಆದರೆ ಮಾಡಿಸಬೇಕಾದ ಕೆಲಸ ಬೇರೆ ಬೇರೆ. ಇದನ್ನು ನೋಡದೆ ಗ್ಯಾರೇಜಿಗೆ ಹೋಗಿ ‘ಹೊಸದು ಹಾಕಿ’ ಅಂದುಬಿಟ್ಟರೆ ಕೆಲವೇ ಮಳೆಗಾಲಗಳಲ್ಲಿ ಮತ್ತೆ ಅದೇ ಗ್ಯಾರೇಜಿನ ಮುಂದೆ ನಿಲ್ಲಬೇಕಾಗುತ್ತದೆ.

ಒಳಗಿನ ತುಕ್ಕಿಗೆ ಕಾರಣ ಎಂಜಿನ್ ತಾನೇ ಹುಟ್ಟಿಸುವ ನೀರು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಪೈಪು ಚೆನ್ನಾಗಿ ಕಾದಿದ್ದರೆ ಆ ಆವಿ ಹಾಗೇ ಹೊರಗೆ ಹೋಗುತ್ತದೆ. 8ಬಿ ಬಸ್ ನಿಲ್ದಾಣದ ಹತ್ತಿರದಿಂದ ಹೊರಟು ಗರಿಯಾಹಾಟ್ ಮಾರುಕಟ್ಟೆಗೆ ಹೋಗಿ ಬರುವ ಓಡಾಟದಲ್ಲಿ ಹಿಂದಿನ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಆವಿ ಅದರೊಳಗೇ ನೀರಾಗಿ ತಳದಲ್ಲಿ ನಿಲ್ಲುತ್ತದೆ, ಇಂಧನದ ಗಂಧಕದ ಅಂಶ ಸೇರಿ ಆ ನೀರಿಗೆ ಹುಳಿ ಹತ್ತುತ್ತದೆ, ತಗಡು ತೆಳುವಾಗುತ್ತ ಹೋಗುತ್ತದೆ. ಹೊರಗೆ ಬಣ್ಣ ಹಾಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮಲೆನಾಡಿನಲ್ಲಿ ಕಥೆ ತಿರುಗುಮುರುಗು. ಚಾಸಿಗೂ ಸೈಲೆನ್ಸರಿಗೂ ನಡುವಿನ ಸಂದಿನಲ್ಲಿ ಕೆಸರು, ಸೊಪ್ಪುಸದೆ, ಸಗಣಿ ಎಲ್ಲ ಒತ್ತಿಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗಿಯೇ ಇರುತ್ತವೆ. ಕೆಳಗೆ ರಕ್ಷಣೆಗೆಂದು ಪ್ಲೇಟ್ ಹಾಕಿದ್ದರೆ ಇನ್ನೂ ಕಷ್ಟ, ಆ ಕೆಸರು ಜಾರಿ ಬೀಳುವುದಕ್ಕೂ ದಾರಿ ಇರುವುದಿಲ್ಲ. ಕುಂದಾಪುರ, ಕಾಸರಗೋಡಿನ ಕಡಲ ಬದಿಯ ಗಾಡಿಗಳಿಗೆ ಉಪ್ಪುಗಾಳಿಯ ಏಟು ಬೇರೆ.

ಪರೀಕ್ಷೆ ಸುಲಭ. ಗಾಡಿ ತಣ್ಣಗಿರುವಾಗ ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪಿನುದ್ದಕ್ಕೂ, ಸೈಲೆನ್ಸರಿನ ಹೊಟ್ಟೆಯ ಕೆಳಭಾಗಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಅನ್ನುತ್ತದೆ. ತೂತಿನ ಅಂಚು ಹೊರಗಡೆ ಪದರ ಪದರವಾಗಿ ಎದ್ದಿದ್ದರೆ ಹೊರಗಿನ ತುಕ್ಕು. ಹೊರಗೆ ನಯವಾಗಿದ್ದು, ಬೆರಳಿಟ್ಟರೆ ಕಾಗದದಂತೆ ಮುರಿದರೆ ಒಳಗಿನದು. ತಟ್ಟಿದಾಗ ಒಳಗೆ ಗಿಲಗಿಲ ಅಂದರೆ ಅಡ್ಡಪಟ್ಟಿಗಳು ಕಳಚಿವೆ ಎಂದರ್ಥ. ಆಗ ತೇಪೆ ಹಾಕಿಸುವುದು ದಂಡ.

ಒಳಗಿನಿಂದ ಕೊಳೆತ ಗಾಡಿಗೆ ದಪ್ಪ ತಗಡು ಹಾಕಿಸಿದರೆ ಒಂದಷ್ಟು ಕಾಲ ಮುಂದೂಡಿದಂತೆ, ಅಷ್ಟೆ. ಅದಕ್ಕೆ ಬೇಕಾದದ್ದು ಸ್ಟೇನ್‌ಲೆಸ್ ಉಕ್ಕು, ಸೈಲೆನ್ಸರಿನ ತಗ್ಗು ತುದಿಯಲ್ಲಿ ಸುಮಾರು 3 ಮಿ.ಮೀ. ಅಗಲದ ನೀರು ಇಳಿಯುವ ತೂತು, ಮತ್ತು ಆಗಾಗ ಅರ್ಧ ಗಂಟೆಯಾದರೂ ಹೆದ್ದಾರಿಯ ಓಟ. ಹೊರಗಿನಿಂದ ಕೊಳೆತದ್ದಕ್ಕೆ ಸಂದು ಬಿಡಿಸುವುದು, ಪ್ಲೇಟಿನಲ್ಲಿ ಕೆಸರು ಜಾರುವ ಕಿಂಡಿ ಮಾಡಿಸುವುದು, ಕಾಡುದಾರಿಯಿಂದ ಬಂದ ದಿನವೇ ಅಡಿಗೆ ನೀರು ಹೊಡೆದು ತೊಳೆಯುವುದು. ದುಡ್ಡು ಕಡಿಮೆ ಇದ್ದರೆ ಇಲ್ಲಿ ಮಾಮೂಲಿ ಉಕ್ಕಿನ ಪೈಪೇ ಸಾಕು.

ನಿಮ್ಮ ಗಾಡಿಗೆ ಏನಿರಬೇಕು?

ಜಿಪ್ಸಿ 1985ರ ಕೊನೆಯಲ್ಲಿ ಬಂತು, 970 ಸಿಸಿ ಎಂಜಿನ್ನಿನೊಂದಿಗೆ. 1996ರಲ್ಲಿ 1.3 ಲೀಟರಿನದು ಬಂತು, 2000ದ ಸುಮಾರಿಗೆ ಎಂಪಿಎಫ್‌ಐ (ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಜಿನ್), 2019ಕ್ಕೆ ತಯಾರಿಕೆ ನಿಂತಿತು. ಈ ಮೂರಕ್ಕೂ ಒಂದೇ ಎಕ್ಸಾಸ್ಟ್ ಹೊಂದುವುದಿಲ್ಲ. ‘ಜಿಪ್ಸಿ ಸೈಲೆನ್ಸರ್ ಕೊಡಿ’ ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಆರ್‌ಸಿ ಪುಸ್ತಕದಲ್ಲಿರುವ ತಯಾರಿಕೆಯ ತಿಂಗಳು, ಎಂಜಿನ್ ನಂಬರು ಎರಡನ್ನೂ ಬರೆದುಕೊಂಡು ಹೋಗಿ. ಮಹೀಂದ್ರ ಜೀಪುಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಎಂಎಂ 540ಕ್ಕೆ ಬಂದಿದ್ದ ಪ್ಯೂಜೊ ಡೀಸೆಲ್ ತೆಗೆದು ಬೇರೆ ಎಂಜಿನ್ ಕೂರಿಸಿದ ಗಾಡಿಗಳು ಬಹಳ. ಅಂಥವುಗಳಲ್ಲಿ ಮುಂದಿನ ಪೈಪು ಒಂದು ಮಾಡೆಲಿನದು, ಹಿಂದಿನದು ಇನ್ನೊಂದರದು ಆಗಿರುತ್ತದೆ. ಹಳೆಯದನ್ನು ಬಿಚ್ಚಿ ಅಳತೆಗೆ ಹೊತ್ತೊಯ್ಯುವುದೇ ದಾರಿ.

ಕೋಲ್ಕತ್ತದಿಂದ ಕರ್ನಾಟಕಕ್ಕೆ, ಕರ್ನಾಟಕದಿಂದ ಇಲ್ಲಿಗೆ ಗಾಡಿ ತರುವವರು ಒಂದು ಸಂಗತಿ ತಿಳಿದಿರಬೇಕು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕಡ್ಡಾಯವಾಯಿತು. ಆಗ ಇನ್ನೂ ಕಲ್ಕತ್ತವಾಗಿದ್ದ ಈ ಊರೂ ಅವುಗಳಲ್ಲೊಂದು. ಸೀಸವಿಲ್ಲದ ಪೆಟ್ರೋಲ್ ಮೊದಲು ಸಿಕ್ಕಿದ್ದೂ ಆ ನಾಲ್ಕು ನಗರಗಳಲ್ಲಿಯೇ. ದೇಶದ ಉಳಿದ ಕಡೆ ಸೀಸದ ಪೆಟ್ರೋಲ್ ಪೂರ್ತಿ ಹೋದದ್ದು 2000ದಲ್ಲಿ. ಹೀಗಾಗಿ ಆ ನಡುವಿನ ವರ್ಷಗಳಲ್ಲಿ ಹಾಸನದಲ್ಲಿ ನೋಂದಣಿಯಾದ ಪೆಟ್ರೋಲ್ ಗಾಡಿಗೆ ಇಲ್ಲದ ಕ್ಯಾಟ್ ಇಲ್ಲಿ ನೋಂದಣಿಯಾದದ್ದಕ್ಕೆ ಇರಬಹುದು. ಹಿಂದಿನ ಮಾಲೀಕರು ಅದನ್ನು ಕಿತ್ತು ಬರೀ ಪೈಪು ಬೆಸೆದಿರುವ ಸಾಧ್ಯತೆಯೂ ಇದೆ. ಕೊಳ್ಳುವ ಮುನ್ನ ಗಾಡಿಯಡಿ ಮಲಗಿ ನೋಡಿ.

ಕ್ಯಾಟ್ ಒಳಗೆ ಇರುವುದು ಸಾಮಾನ್ಯವಾಗಿ ಕಾರ್ಡಿಯರೈಟ್ ಎಂಬ ಪಿಂಗಾಣಿಯ ಜಾಲರಿ, ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ತೆಳು ಲೇಪ. ಜಾದವ್‌ಪುರದ ರಾಜಾ ಎಸ್. ಸಿ. ಮಲ್ಲಿಕ್ ರಸ್ತೆಯಲ್ಲಿ ಗಾಜು ಮತ್ತು ಪಿಂಗಾಣಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯೇ ಇದೆ. ಅದರ ಗೇಟಿನ ಮುಂದೆ ನಿತ್ಯ ಹಾದುಹೋಗುವ ಎಷ್ಟೋ ಮಂದಿಗೆ ತಮ್ಮ ಗಾಡಿಯ ಹೊಟ್ಟೆಯಲ್ಲೂ ಅಂಥದೇ ವಸ್ತುವೊಂದಿದೆ ಎಂದು ಗೊತ್ತಿರಲಿಕ್ಕಿಲ್ಲ. ಈ ಪಿಂಗಾಣಿ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಕಲ್ಲಿನ ಏಟನ್ನು ತಡೆಯುವುದಿಲ್ಲ. ಒಡೆದ ಚೂರುಗಳು ಹಿಂದಿನ ಸೈಲೆನ್ಸರಿಗೆ ಹೋಗಿ ಕೂತರೆ ಎಂಜಿನ್ನಿನ ಉಸಿರು ಕಟ್ಟುತ್ತದೆ, ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ. ಕ್ಯಾಟ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸು ಪಡೆಯಿರಿ. ಗುಜರಿಯಲ್ಲಿ ಅದರ ಲೋಹಕ್ಕೆ ಬೆಲೆಯಿದೆ, ಅದು ನಿಮ್ಮದೇ ಹಣ.

ಕಾನೂನಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಹಾಳಾದದ್ದನ್ನು ಅದೇ ಬಗೆಯದರಿಂದ ಬದಲಿಸಲು ಅಡ್ಡಿಯಿಲ್ಲ. ತಯಾರಕರು ಕೊಟ್ಟ ರಚನೆಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. 1989ರ ಕೇಂದ್ರ ನಿಯಮಗಳಲ್ಲಿ 120ನೆಯದು ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. 112ನೆಯದರ ಪ್ರಕಾರ ಹೊಗೆ ನೆಲದ ಕಡೆಗೂ ಬಿಡಬಾರದು, ಗಾಡಿಯ ಎಡಕ್ಕೂ ಬಿಡಬಾರದು. 113ನೆಯದು ಇಂಧನದ ಪೈಪಿನಿಂದ 35 ಮಿ.ಮೀ. ಒಳಗೆ ಎಕ್ಸಾಸ್ಟ್ ಪೈಪು ಇರಕೂಡದು ಎನ್ನುತ್ತದೆ. ಈ ಕೊನೆಯದನ್ನು ಬಾಯಿಪಾಠ ಮಾಡಿಕೊಳ್ಳಿ, ಅದು ದಂಡಕ್ಕಿಂತ ಮೊದಲು ಪ್ರಾಣದ ಪ್ರಶ್ನೆ. ಹೊಗೆ ಮತ್ತು ಶಬ್ದದ ಮಿತಿ ಮೀರಿದರೆ 190ನೇ ಕಲಮಿನಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. ಕೋಲ್ಕತ್ತದಲ್ಲಿ ಹಳೆಯ ಗಾಡಿಗಳ ಮೇಲೆ ಮೊದಲೇ ಕಣ್ಣಿದೆ. 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ಹೈಕೋರ್ಟಿನ 2008ರ ಆದೇಶದ ಮೇರೆಗೆ ಇಲ್ಲಿ ರಸ್ತೆಯಿಂದ ತೆಗೆದರು. ನಿಮ್ಮ ಖಾಸಗಿ ಗಾಡಿಯ ನೋಂದಣಿ ನವೀಕರಣಕ್ಕೆ ಎಷ್ಟು ಅವಧಿ ಉಳಿದಿದೆ ಎಂದು ನೋಡಿಕೊಂಡೇ ದುಬಾರಿ ಪೈಪಿಗೆ ಕೈಹಾಕಿ.

ಪೈಪು ದೊಡ್ಡದಾದರೆ ಶಕ್ತಿ ಹೆಚ್ಚುವುದೇ?

ಇಲ್ಲ. ಹಳೆಯ ಜಿಪ್ಸಿ, ಜೀಪುಗಳ ಮಾಲೀಕರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸಿಲಿಂಡರಿನಿಂದ ಹೊರಬೀಳುವ ಬಿಸಿ ಅನಿಲ ವೇಗವಾಗಿ ಸಾಗಿದರೆ ತನ್ನ ಹಿಂದಿನದನ್ನು ಎಳೆದುಕೊಳ್ಳುತ್ತದೆ, ಸಿಲಿಂಡರು ಸ್ವಚ್ಛವಾಗುತ್ತದೆ. ಒಲೆ ಊದುವ ಊದುಗೊಳವೆ ಸಣ್ಣದಿದ್ದರೇ ಬೆಂಕಿ ಹತ್ತುವುದು. ಕಡಿಮೆ ಆರ್‌ಪಿಎಂನಲ್ಲಿ ತುಂಬ ಅಗಲದ ಪೈಪಿನೊಳಗೆ ಅನಿಲ ಸೋಮಾರಿಯಾಗುತ್ತದೆ. ಕಲ್ಲುದಾರಿಯಲ್ಲಿ, ಕೆಸರಿನಲ್ಲಿ ನಿಮಗೆ ಬೇಕಾಗುವುದು ಅದೇ ಕಡಿಮೆ ಆರ್‌ಪಿಎಂನ ಎಳೆತ. ಎರಡೂವರೆ ಇಂಚಿನ ಪೈಪು, ತೆರೆದ ಬಾಯಿಯ ಸೈಲೆನ್ಸರ್ ಹಾಕಿಸಿಕೊಂಡ 1.3 ಲೀಟರಿನ ಗಾಡಿ ಊರೆಲ್ಲ ಕೇಳುವಂತೆ ಕೂಗುತ್ತದೆ, ಮೊದಲಿದ್ದ ಎಳೆತವನ್ನು ಕಳೆದುಕೊಳ್ಳುತ್ತದೆ. ಮೂಲ ಅಳತೆಯನ್ನು ಕ್ಯಾಲಿಪರಿನಿಂದ ನೋಡಿ ಅಷ್ಟಕ್ಕೇ ಹಾಕಿಸಿ. ಹೆಚ್ಚಿಸಲೇಬೇಕೆಂದರೆ 3–4 ಮಿ.ಮೀ.ಗಿಂತ ಮುಂದೆ ಹೋಗಬೇಡಿ. ಟರ್ಬೊ ಇರುವ ಡೀಸೆಲ್‌ಗಳ ಲೆಕ್ಕ ಬೇರೆ. ಅಲ್ಲಿ ಟರ್ಬೊ ದಾಟಿದ ಮೇಲೆ ದಾರಿ ಸಲೀಸಾದಷ್ಟೂ ಒಳ್ಳೆಯದು.

ನಿಜವಾದ ಸುಧಾರಣೆ ಸಿಗುವುದು ಬಾಗುಗಳಲ್ಲಿ. ಪ್ರೆಸ್ಸಿನಲ್ಲಿ ಒತ್ತಿ ಬಗ್ಗಿಸಿದ ಪೈಪು ಬಾಗಿನಲ್ಲಿ ಚಪ್ಪಟೆಯಾಗಿ ದಾರಿ ಕಿರಿದಾಗುತ್ತದೆ. ಒಳಗೆ ಮ್ಯಾಂಡ್ರಲ್ ಇಟ್ಟು ಬಗ್ಗಿಸಿದರೆ ದುಂಡಗೆ ಉಳಿಯುತ್ತದೆ. ಮ್ಯಾಂಡ್ರಲ್ ಯಂತ್ರ ಇಲ್ಲದ ಊರುಗಳಲ್ಲಿ ಒಣ ಮರಳನ್ನು ಗಟ್ಟಿಯಾಗಿ ತುಂಬಿ, ಬಾಯಿ ಮುಚ್ಚಿ, ಕಾಯಿಸಿ ಬಗ್ಗಿಸುವ ಹಳೆಯ ಕ್ರಮ ಇದೆ. ಬಲ್ಲ ಕೈಯಾದರೆ ಅದು ಒಳ್ಳೆಯ ಕೆಲಸವೇ. ಮರಳು ಹಸಿ ಇರಬಾರದು, ಆವಿ ಕಟ್ಟಿ ಬಾಯಿಯ ಮುಚ್ಚಳ ಸಿಡಿಯುತ್ತದೆ.

ಲೋಹದ ಆಯ್ಕೆಗೆ ಬಂದರೆ, ಸ್ಟೇನ್‌ಲೆಸ್ ಎಂದು ಮಾರುವುದರಲ್ಲಿ ಎರಡು ಬಗೆ ಹೆಚ್ಚು. 409ರಲ್ಲಿ ಕ್ರೋಮಿಯಂ ಸುಮಾರು ಶೇ 11. ಆಯಸ್ಕಾಂತ ಅಂಟುತ್ತದೆ, ಮೇಲೆ ಕಂದುಬಣ್ಣ ಬರುತ್ತದೆ, ಆದರೆ ತೂತು ಬೀಳಲು ಬಹಳ ವರ್ಷ ಬೇಕು. 304ರಲ್ಲಿ ಕ್ರೋಮಿಯಂ ಶೇ 18, ನಿಕ್ಕಲ್ ಶೇ 8. ಆಯಸ್ಕಾಂತ ಹಿಡಿಯುವುದಿಲ್ಲ, ಹೊಳಪು ಉಳಿಯುತ್ತದೆ. ಬೆಲೆ ಹೆಚ್ಚು, ಜೊತೆಗೆ ಅದು ಕಾದಾಗ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಪೈಪು 400 ಡಿಗ್ರಿ ಬಿಸಿಯೇರಿದರೆ 304 ಸುಮಾರು 7 ಮಿ.ಮೀ. ಉದ್ದವಾಗುತ್ತದೆ, 409 ನಾಲ್ಕೂವರೆ. ಚಾಸಿಗೆ ಬಿಗಿಯಾಗಿ ಬೋಲ್ಟ್ ಹೊಡೆದರೆ ಬೆಸುಗೆ ಸೀಳುತ್ತದೆ. ತೂಗುರಬ್ಬರು ಇರಲೇಬೇಕು. ಮಲೆನಾಡಿಗೂ ಬಂಗಾಳದ ಮಳೆಗೂ ನನ್ನ ಮಟ್ಟಿಗೆ 1.6 ಮಿ.ಮೀ. ದಪ್ಪದ 409 ಸಾಕು.

ಮನೆಗೆ ನೀರು ತರುವ ಜಿಐ ಪೈಪನ್ನು ಟೇಲ್‌ಪೈಪಾಗಿ ಬೆಸೆಯುವ ಚಾಳಿ ಎಲ್ಲ ಕಡೆ ಇದೆ. ಒಪ್ಪಬೇಡಿ. ಅದರ ಸತುವಿನ ಲೇಪ ಬೆಸುಗೆಯ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದ ವೆಲ್ಡರಿಗೆ ಅದೇ ಸಂಜೆ ಚಳಿಜ್ವರ ಬರುತ್ತದೆ. ನಿಮ್ಮ ಗಾಡಿಗಾಗಿ ಆ ಮನುಷ್ಯ ಹಾಗೆ ಮಲಗಬೇಕಾಗಿಲ್ಲ.

ಸಾಮಾನು ಕೊಳ್ಳುವ ಜಾಗ

ಕೋಲ್ಕತ್ತದವರಿಗೆ ಮಲ್ಲಿಕ್ ಬಜಾರ್ ಇದೆ, ಪಾರ್ಕ್ ಸ್ಟ್ರೀಟ್ ಎ. ಜೆ. ಸಿ. ಬೋಸ್ ರಸ್ತೆಯನ್ನು ಸೇರುವಲ್ಲಿ. ಹಳೆಯ ಗಾಡಿಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಅಂಗಡಿಗಳ ಸಾಲು. ಬೆಂಗಳೂರಿನವರಿಗೆ ಜೆ. ಸಿ. ರಸ್ತೆ. ಎರಡೂ ಕಡೆ ಒಂದೇ ಸೂತ್ರ: ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಂದೇ ಪೈಪಿಗೆ ಕೂಡಿಸುವ ಭಾಗ) ಹಳೆಯದು ಕೊಳ್ಳಬಹುದು, ಸೈಲೆನ್ಸರ್ ಮತ್ತು ಪೈಪು ಹಳೆಯದು ಬೇಡ. ಎರಕದ ಮ್ಯಾನಿಫೋಲ್ಡನ್ನು ದಾರಕ್ಕೆ ತೂಗುಬಿಟ್ಟು ತಟ್ಟಿ, ಬಿರುಕಿದ್ದರೆ ದನಿ ಒಡೆದಿರುತ್ತದೆ. ಎಂಜಿನ್ನಿಗೆ ಕೂರುವ ಮುಖದ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ, ನಡುವೆ ಬೆಳಕು ಕಂಡರೆ ಲೇತ್ ಅಂಗಡಿಯಲ್ಲಿ ಮುಖ ಸಮಮಾಡಿಸಬೇಕು. ಗ್ಯಾಸ್ಕೆಟ್, ಸ್ಟಡ್, ನಟ್, ತೂಗುರಬ್ಬರು ಇವೆಲ್ಲ ಹೊಸವೇ ಆಗಬೇಕು. ಮ್ಯಾನಿಫೋಲ್ಡಿಗೆ ಹಿತ್ತಾಳೆ ನಟ್ ಕೇಳಿ. ಬಿಸಿಗೆ ಕಚ್ಚಿಕೊಳ್ಳುವುದಿಲ್ಲ, ಮುಂದಿನ ಸಲ ಸಲೀಸಾಗಿ ಬಿಚ್ಚುತ್ತದೆ.

ಬಿಚ್ಚುವುದು, ಕಟ್ಟುವುದು

ಅರ್ಧ ಕೆಲಸ ಬಿಚ್ಚುವುದರಲ್ಲೇ ಇದೆ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಬಿಚ್ಚುವ ಮುನ್ನ ಪ್ರತಿ ನಟ್ಟನ್ನೂ ಒಂದು ಕೂದಲೆಳೆಯಷ್ಟು ಬಿಗಿಗೊಳಿಸಿ, ಆಮೇಲೆ ಸಡಿಲಿಸಿ. ತುಕ್ಕಿನ ಹಿಡಿತ ಆ ಮೊದಲ ತಿರುವಿಗೇ ಮುರಿಯುತ್ತದೆ. ಅಲ್ಲಾಡದಿದ್ದರೆ ಗ್ಯಾಸ್ ಟಾರ್ಚಿನಿಂದ ನಟ್ಟನ್ನು ಮಾತ್ರ ಕಾಯಿಸಿ, ಹತ್ತಿರದಲ್ಲಿ ಎಣ್ಣೆಯ ಬಟ್ಟೆ, ಪೆಟ್ರೋಲ್ ಪೈಪು ಇಲ್ಲದಂತೆ ನೋಡಿಕೊಂಡು. ಬಲ ಹಾಕಿ ಸ್ಟಡ್ ಮುರಿದುಕೊಂಡರೆ ಕೊರೆದು ತೆಗೆಸುವ ಖರ್ಚು ಹೊಸ ಸೈಲೆನ್ಸರಿಗಿಂತ ಹೆಚ್ಚಾಗಬಹುದು. ತೀರ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಣಗಿದ್ದನ್ನು ಗ್ರೈಂಡರಿನಿಂದ ಉಜ್ಜಬಾರದು, ನೀರು ಚಿಮುಕಿಸಿ ಕೈಯಿಂದ ಕೆರೆದು ತೆಗೆಯಬೇಕು.

ಗಾಡಿಯಡಿ ನುಗ್ಗುವವರು ಬರೀ ಜ್ಯಾಕನ್ನು ನಂಬಬಾರದು. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಲ್ಲು. ಬೆಸುಗೆ ಹಾಕಿಸುವಾಗ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಎಂಪಿಎಫ್‌ಐ ಗಾಡಿಯಾದರೆ ಕಂಪ್ಯೂಟರಿನ ಪ್ಲಗ್ಗನ್ನೂ ತೆಗೆಯಿರಿ.

ಹೊಸ ಪೈಪುಗಳನ್ನು ಮೊದಲು ಎಲ್ಲ ಕಡೆ ಸಡಿಲವಾಗಿಯೇ ತೂಗುಹಾಕಬೇಕು. ಮುಂದಿನಿಂದ ಹಿಂದಕ್ಕೆ ಸಾಲು ನೋಡಿ, ಎಲ್ಲೂ ತಿರುಚಿಲ್ಲ ಎಂದು ಖಾತ್ರಿಯಾದ ಮೇಲೆ ಅದೇ ಕ್ರಮದಲ್ಲಿ ಬಿಗಿ ಮಾಡುತ್ತ ಬರಬೇಕು. ಬೆಸುಗೆ ಬೇಕಾದ ಕಡೆ ಗಾಡಿಯಲ್ಲೇ ಚುಕ್ಕೆ ಬೆಸುಗೆ ಹಾಕಿ, ಕೆಳಗಿಳಿಸಿ, ಪೂರ್ತಿ ಬೆಸುಗೆಯನ್ನು ನೆಲದ ಮೇಲೆ ಹಾಕಿಸಿ. ಆಕ್ಸಿಜನ್ ಸೆನ್ಸರ್ ಇದ್ದರೆ ಅದರ ಬಾಯಿ ಪೈಪಿನ ಮೇಲ್ಭಾಗದಲ್ಲಿರಲಿ, ಕೆಳಗಿದ್ದರೆ ನೀರು ನಿಂತು ಸೆನ್ಸರ್ ಸಾಯುತ್ತದೆ. ಅದರ ಮುಂದೆ ಎಲ್ಲಾದರೂ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಸೇರಿ ಕಂಪ್ಯೂಟರು ಮೋಸಹೋಗುತ್ತದೆ, ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮೈಲೇಜ್ ಬಿತ್ತು ಎಂದು ಎಂಜಿನ್ ಬಿಚ್ಚಿಸುವ ಮುನ್ನ ಇದನ್ನು ನೋಡಬೇಕು.

ರಸ್ತೆಯ ಕಾರಿಗೆ ಇಷ್ಟು ಸಾಕು. ಕಾಡುದಾರಿಯ ಗಾಡಿಗೆ ಇನ್ನೊಂದು ಪರೀಕ್ಷೆ ಇದೆ, ಬಹಳ ಗ್ಯಾರೇಜುಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಹಿಂದಿನ ಒಂದು ಚಕ್ರವನ್ನಷ್ಟೇ ಜ್ಯಾಕಿನಿಂದ ಎತ್ತಿ, ಆ ಬದಿಯ ಪಟ್ಟಿ ಸ್ಪ್ರಿಂಗ್ ಪೂರ್ತಿ ಒತ್ತಿಕೊಳ್ಳುವಂತೆ ಮಾಡಿ. ಈಗ ಆಕ್ಸಲ್ ಮೇಲಿನಿಂದ ಹಾಯುವ ಪೈಪಿಗೂ ಆಕ್ಸಲ್ಲಿಗೂ, ಪ್ರೊಪೆಲರ್ ಶಾಫ್ಟಿಗೂ, ಬ್ರೇಕಿನ ಪೈಪಿಗೂ ಎರಡು ಬೆರಳಿನಷ್ಟಾದರೂ ಜಾಗ ಉಳಿದಿದೆಯೇ? ಇನ್ನೊಂದು ಬದಿಗೂ ಹಾಗೇ ಮಾಡಿ. ಸಮನೆಲದಲ್ಲಿ ಚೆಂದ ಕಂಡ ಪೈಪು ಕೊರಕಲಿನಲ್ಲಿ ಬ್ರೇಕ್ ಪೈಪನ್ನು ತಿಕ್ಕಿ ಸವೆಸಬಲ್ಲದು. ಸೈಲೆನ್ಸರಿನ ಹೊಟ್ಟೆ ಚಾಸಿಯ ಅಡ್ಡಪಟ್ಟಿಗಿಂತ ಕೆಳಗೆ ಇಳಿಯಬಾರದು, ಟೇಲ್‌ಪೈಪಿನ ತುದಿ ಗಾಡಿಯ ಹಿಂಬದಿಯ ಏರುಕೋನವನ್ನು ಕಡಿಮೆ ಮಾಡಬಾರದು. ಹಾಗೆಂದು ಪೈಪನ್ನು ಮೊಟಕು ಮಾಡಿ ಗಾಡಿಯಡಿಯಲ್ಲೇ ಬಿಡುವಂತೆಯೂ ಇಲ್ಲ.

ಇದಕ್ಕೆ ಕಾರಣ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಓಡುವ ಜೀಪಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಹಿಂದಿನ ಟಾರ್ಪಾಲ್ ತೆರೆದಿದ್ದರೆ ಗಾಡಿ ಹೊಗೆಯನ್ನು ಒಳಕ್ಕೇ ಸೆಳೆದುಕೊಳ್ಳುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ತಲೆನೋವು, ವಾಂತಿ ಬಂದರೆ ಘಾಟಿಯ ತಿರುವು ಎಂದುಕೊಂಡು ಸುಮ್ಮನಾಗುತ್ತಾರೆ. ಟೇಲ್‌ಪೈಪು ಗಾಡಿಯ ಬಾಡಿಯ ಅಂಚನ್ನು ದಾಟಿ ಹೊರಗೆ ಬರಲಿ. ನೆಲದ ತಗಡಿನಲ್ಲಿ ತುಕ್ಕಿನ ತೂತುಗಳಿದ್ದರೆ ಅದೇ ದಿನ ಮುಚ್ಚಿಸಿ.

ಸೋರಿಕೆ ಹುಡುಕಲು ಎಂಜಿನ್ ತಣ್ಣಗಿರುವಾಗ ಬಯಲಿನಲ್ಲಿ ಶುರುಮಾಡಿ, ದಪ್ಪ ಒದ್ದೆಬಟ್ಟೆಯಿಂದ ಟೇಲ್‌ಪೈಪಿನ ಬಾಯನ್ನು ಒಂದೆರಡು ಕ್ಷಣ ಒತ್ತಿಹಿಡಿಯಿರಿ. ಕೂಡುಗಳಲ್ಲಿ ಬುಸ್ ಅಂದರೆ ಅಲ್ಲಿ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿ. ಎಲ್ಲೂ ಸೋರದಿದ್ದರೆ ಬಟ್ಟೆಯನ್ನು ಒತ್ತಡ ತಳ್ಳುತ್ತದೆ, ಎಂಜಿನ್ ತಡವರಿಸುತ್ತದೆ.

ನೀರು ಮತ್ತು ಬಿಸಿ ಪೈಪು

2025ರ ಸೆಪ್ಟೆಂಬರ್ 23ರ ಬೆಳಗಿನ ಹೊತ್ತಿಗೆ ದಕ್ಷಿಣ ಕೋಲ್ಕತ್ತ ನೀರಿನಲ್ಲಿ ನಿಂತಿತ್ತು. ಗರಿಯಾ ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ 300 ಮಿ.ಮೀ.ಗೂ ಮೀರಿ ಮಳೆ ಬಿದ್ದಿತ್ತು. ಇಂಥ ನೀರಿಗೆ ಎತ್ತರದ ಗಾಡಿ ಇದೆಯೆಂಬ ಧೈರ್ಯದಲ್ಲಿ ಇಳಿಯುವವರು ಮೊದಲು ಐದಾರು ನಿಮಿಷ ಗಾಡಿ ನಿಲ್ಲಿಸಿ ಪೈಪು ಆರಲು ಬಿಡಬೇಕು. ಕೆಂಪಗೆ ಕಾದ ಎರಕದ ಮ್ಯಾನಿಫೋಲ್ಡಿಗೆ ತಣ್ಣೀರು ತಾಗಿದರೆ ಬಿರುಕು ಬಿಡುತ್ತದೆ, ಕ್ಯಾಟಿನ ಪಿಂಗಾಣಿಗೂ ಅದೇ ಅಪಾಯ. ಎಂಜಿನ್ ನಡೆಯುತ್ತಿರುವಷ್ಟು ಹೊತ್ತು ಹೊಗೆಯ ಒತ್ತಡವೇ ನೀರನ್ನು ಹೊರಗಿಡುತ್ತದೆ. ನಿಂತರೆ ಸೈಲೆನ್ಸರ್ ತುಂಬಿಕೊಳ್ಳುತ್ತದೆ. ಅದಕ್ಕಾಗಿ ಟ್ರ್ಯಾಕ್ಟರಿನಂತೆ ಪೈಪನ್ನು ಮೇಲೆತ್ತುವ ಅಗತ್ಯವಿಲ್ಲ. ಟಾರ್ಪಾಲಿನ ಪಕ್ಕ ಕಾದ ಪೈಪು ನಿಲ್ಲಿಸುವುದು ಹೊಸ ಅಪಾಯ, ಕಾನೂನಿನ ತಕರಾರು ಬೇರೆ.

ನಿಲ್ಲಿಸಿದಲ್ಲೇ ಮುಳುಗಿದ ಗಾಡಿಯನ್ನು ಕೂಡಲೇ ಶುರುಮಾಡಬೇಡಿ. ಏರ್ ಫಿಲ್ಟರ್ ಒದ್ದೆಯೇ, ಎಣ್ಣೆಯ ಕಡ್ಡಿಯಲ್ಲಿ ಹಾಲಿನ ಬಣ್ಣ ಇದೆಯೇ ನೋಡಿ, ಸೈಲೆನ್ಸರಿನ ಮುಂದಿನ ಕೂಡು ಬಿಚ್ಚಿ ನೀರು ಇಳಿಸಿ, ಆಮೇಲೆ ಕೀಲಿ ತಿರುಗಿಸಿ. ನೀರು ಇಳಿದ ಮೇಲೆ ಒಂದು ದಿನ ದೂರ ಓಡಿಸಿ ಒಳಗನ್ನು ಒಣಗಿಸದಿದ್ದರೆ ಹೊಸ ಸೈಲೆನ್ಸರಿಗೂ ಹಳೆಯದರ ಗತಿಯೇ. ಬೇಸಿಗೆಯಲ್ಲಿ ಇದರ ಉಲ್ಟಾ ಎಚ್ಚರ ಬೇಕು: ಬಂಡೀಪುರದ ಅಂಚಿನಂಥ ಒಣಹುಲ್ಲಿನ ಜಾಗದಲ್ಲಿ, ಓಡಿ ಬಂದ ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸಬಾರದು. ಕ್ಯಾಟಿನ ಹೊರಮೈ ಹುಲ್ಲು ಹೊತ್ತಿಸುವಷ್ಟು ಬಿಸಿಯಿರುತ್ತದೆ.

ಕೆಲಸ ಮುಗಿದ ಮೇಲೆ ನೂರು ಕಿಲೋಮೀಟರ್ ಓಡಿಸಿ, ಪೂರ್ತಿ ಆರಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ. ಮೊದಲ ಬಿಸಿಗೆ ಗ್ಯಾಸ್ಕೆಟ್ ಕುಗ್ಗಿರುತ್ತದೆ. ಆಮೇಲೆ ಹೊಗೆ ತಪಾಸಣೆ. ಭಾರತ್ ಸ್ಟೇಜ್ 2ರಿಂದ ಈಚಿನ ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಶೇ 0.5 ದಾಟಬಾರದು, ಅದಕ್ಕೂ ಹಳೆಯದಕ್ಕೆ ಶೇ 3ರವರೆಗೆ ಬಿಡುತ್ತಾರೆ. ಹಳೆಯ ಡೀಸೆಲ್ಲಿಗೆ ಹೊಗೆಯ ಸಾಂದ್ರತೆ 65ರ ಒಳಗಿರಬೇಕು. ಡೀಸೆಲ್ ಕಪ್ಪುಹೊಗೆ ಬಿಡುತ್ತಿದ್ದರೆ ಸೈಲೆನ್ಸರಿನ ಮೇಲೆ ತಪ್ಪು ಹೊರಿಸದೆ ಇಂಜೆಕ್ಟರ್, ಏರ್ ಫಿಲ್ಟರ್ ನೋಡಿಸಿ. ತಪಾಸಣೆಯ ಚೀಟಿಯನ್ನೂ ಸಾಮಾನಿನ ಬಿಲ್ಲನ್ನೂ ಆರ್‌ಸಿ ಜೊತೆಗಿಡಿ. ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿದ ದಿನ ಅವು ಬೇಕಾಗಬಹುದು.